ಕೃತಕ ಗರ್ಭಧಾರಣೆಯ ಹರಿಕಾರ ಇಲ್ಯಾ ಇವಾನೊವ್



ಹಸು ಬೆದೆಗೆ ಬಂತು ಅಂದ್ರೆ ಈಗ ನಾವು ಹೋರಿ ಹುಡುಕಿಕೊಂಡು ಊರೂರು ಅಲೆಯುವುದಿಲ್ಲ. ಹೇಳಿ ಕಳಿಸಿದರೆ ಡಾಕ್ಟರು ಬಂದು ಸೂಜಿ ಹಾಕಿ ಹೋಗುತ್ತಾರೆ. ಈ ವಿದ್ಯೆಯನ್ನು ಪ್ರಯೋಗಾಲಯದಿಂದ ರೈತನ ಕೊಟ್ಟಿಗೆಯ ಕಡೆಗೆ ತಂದವರಲ್ಲಿ ಮೊದಲಿಗರು ರಷ್ಯಾ ದೇಶದ ಇಲ್ಯಾ ಇವಾನೊವಿಚ್ ಇವಾನೊವ್. ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಆ ವಿಜ್ಞಾನಿಯ ಬಾಳನ್ನು ತಿಳಿದುಕೊಳ್ಳುವುದು ಉಚಿತವೆಂದು ಭಾವಿಸುತ್ತೇನೆ.

ಇವಾನೊವ್ ಅವರು 1870ರಲ್ಲಿ ಕುರ್ಸ್ಕ್ ಪ್ರಾಂತ್ಯದ ಶಿಗ್ರಿ ಎಂಬ ಊರಿನಲ್ಲಿ ಜನಿಸಿದರು. 1896ರಲ್ಲಿ ಖಾರ್ಕೊವ್ ವಿಶ್ವವಿದ್ಯಾನಿಲಯದ ವ್ಯಾಸಂಗ ಮುಗಿಸಿದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿಯೂ ಕೆಲಸ ಕಲಿತು, ಪ್ರಸಿದ್ಧ ವಿಜ್ಞಾನಿ ಪಾವ್ಲೊವ್ ಅವರ ಬಳಿ ಸಂಶೋಧನೆ ಮಾಡಿದರು. ಇಟಲಿಯ ಸ್ಪಲ್ಲಾಂಜಾನಿ ಎಂಬುವರು 1780ರಲ್ಲೇ ಒಂದು ನಾಯಿಗೆ ಈ ರೀತಿ ಗರ್ಭ ಕಟ್ಟಿಸಿದ್ದರು. ಆದರೆ ನೂರು ವರ್ಷ ಕಳೆದರೂ ಅದು ರೈತನ ಉಪಯೋಗಕ್ಕೆ ಬಂದಿರಲಿಲ್ಲ.

ಆಗ ರಷ್ಯಾದಲ್ಲಿ ಉಳುಮೆಗೂ ಕುದುರೆ, ಗಾಡಿಗೂ ಕುದುರೆ, ದಂಡಿಗೂ ಕುದುರೆ. ಒಳ್ಳೇ ತಳಿಯ ಗಂಡು ಕುದುರೆ ಸಾಕುವ ಶಕ್ತಿ ಬಡವನಿಗೆಲ್ಲಿ ಬಂತು? ಇವಾನೊವ್ ಅವರು 1901ರಲ್ಲಿ ದೊಲ್ಗೊಯೆ ಎಂಬ ಹಳ್ಳಿಯಲ್ಲಿ ಕುದುರೆಗಳ ಕೃತಕ ಗರ್ಭಧಾರಣಾ ಕೇಂದ್ರ ತೆರೆದರು. ಸ್ಪಂಜಿನಲ್ಲಿ ವೀರ್ಯ ಸಂಗ್ರಹಿಸಿ ಸಿರಿಂಜಿನಿಂದ ಹೆಣ್ಣು ಕುದುರೆಗೆ ಸೇರಿಸುವ ಪದ್ಧತಿ ಅವರದು. ವೀರ್ಯಾಣುಗಳನ್ನು ಬೇರೆ ದ್ರಾವಣದಲ್ಲಿ ಬೆರೆಸಿದರೂ ಗಬ್ಬ ನಿಲ್ಲುತ್ತದೆಂದು ತೋರಿಸಿದರು. ಸಹಜವಾಗಿ 20-30 ಹೆಣ್ಣು ಕುದುರೆಗಳಿಗೆ ಆಗುತ್ತಿದ್ದ ಒಂದು ಗಂಡು, ಈ ಕ್ರಮದಿಂದ 500ರವರೆಗೂ ಸಾಕಾಯಿತು! ಮುಂದೆ ಹಸು, ಕುರಿಗಳಲ್ಲೂ ಅವರು ಯಶಸ್ಸು ಕಂಡರು.

ಅವರ ಬಾಳಿನಲ್ಲಿ ಕಪ್ಪು ಪುಟವೂ ಉಂಟು. ಮನುಷ್ಯ ಮತ್ತು ವಾನರದ ಮಿಶ್ರತಳಿ ಮಾಡಲು ಹೊರಟು 1926ರಲ್ಲಿ ಆಫ್ರಿಕಾದ ಗಿನಿಗೆ ಹೋದರು. ಮೂರು ಚಿಂಪಾಂಜಿಗಳ ಮೇಲೆ ನಡೆಸಿದ ಪ್ರಯೋಗ ಫಲಿಸಲಿಲ್ಲ. ಆಸ್ಪತ್ರೆಗೆ ಬಂದ ಹೆಂಗಸರ ಮೇಲೆ ಅವರಿಗೆ ತಿಳಿಸದೆಯೇ ಪ್ರಯೋಗ ಮಾಡುವ ಯೋಚನೆಯೂ ಇತ್ತು. ಅಲ್ಲಿನ ಗವರ್ನರು ಒಪ್ಪದ್ದರಿಂದ ಅದು ನಿಂತಿತು. ಎಷ್ಟು ದೊಡ್ಡ ಪಂಡಿತನಾದರೂ ಮಾಡುವುದೆಲ್ಲ ಸರಿ ಅನ್ನೋ ಹಾಗಿಲ್ಲ.

1930ರ ಡಿಸೆಂಬರಿನಲ್ಲಿ ಸ್ಟಾಲಿನ್ ಸರ್ಕಾರ ಅನೇಕ ವಿಜ್ಞಾನಿಗಳೊಂದಿಗೆ ಅವರನ್ನೂ ಬಂಧಿಸಿ, ಕಜಕಸ್ತಾನದ ಅಲ್ಮಾ-ಅತಾಕ್ಕೆ ಗಡೀಪಾರು ಮಾಡಿತು. ಅಲ್ಲಿಯೂ ಪಶುವೈದ್ಯ ಸಂಸ್ಥೆಯಲ್ಲಿ ದುಡಿದರು. 1932ರ ಮಾರ್ಚ್ 20ರಂದು ಅಲ್ಲಿಯೇ ಲಕ್ವ ಹೊಡೆದು ತೀರಿಕೊಂಡರು.

ಆದರೆ ವಿದ್ಯೆಗೆ ಗಡೀಪಾರು ಇಲ್ಲ. 1936ರಲ್ಲಿ ಡೆನ್ಮಾರ್ಕಿನ ಸಾಮ್ಸೊ ದ್ವೀಪದ ರೈತರು ಕೃತಕ ಗರ್ಭಧಾರಣೆಗೆಂದೇ ಸಹಕಾರ ಸಂಘ ಕಟ್ಟಿಕೊಂಡರು. ಒಬ್ಬನ ಕೈಲಾಗದ ಒಳ್ಳೇ ಹೋರಿ ಹತ್ತಾರು ಜನ ಸೇರಿದಾಗ ಎಲ್ಲರದಾಯಿತು. ಅದನ್ನು ನೋಡಿ ಅಮೆರಿಕದ ನ್ಯೂಜೆರ್ಸಿಯ ರೈತರು 1938ರಲ್ಲಿ ಅಂಥದೇ ಸಂಘ ಮಾಡಿದರು. ಭಾರತದಲ್ಲಿ ಇದು ಮೊದಲು ಆರಂಭವಾದದ್ದು ನಮ್ಮ ಮೈಸೂರಿನಲ್ಲಿ ಎಂಬುದು ಹೆಮ್ಮೆಯ ಸಂಗತಿ. 1939ರಲ್ಲಿ ಅರಮನೆ ಡೈರಿ ಫಾರಂನಲ್ಲಿ ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹಾಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯ ಕೊಟ್ಟು, 33 ಹಸುಗಳಿಗೆ ಗಬ್ಬ ಕಟ್ಟಿಸಿದರು.

ಇಷ್ಟೆಲ್ಲ ಶ್ರಮದಿಂದ ಬಂದ ಸೌಲಭ್ಯವನ್ನು ನಾವು ಹೊತ್ತು ತಪ್ಪಿಸಿ ಹಾಳು ಮಾಡಬಾರದು. ಬೆಳಿಗ್ಗೆ ಬೆದೆ ಕಂಡರೆ ಸಂಜೆಯೊಳಗೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಸೂಜಿ ಹಾಕಿಸಬೇಕು. ನಾಳೆ ನೋಡೋಣ ಬಿಡು ಅಂತ ಕೂತರೆ ಇಪ್ಪತ್ತೊಂದು ದಿನ ಕಾಯಬೇಕಾಗುತ್ತದೆ, ನಷ್ಟ ನಮಗೇ. ಬೆದೆ ನೋಡುವುದು ಮನೆಯವರ ಕೆಲಸ, ಸೌಲಭ್ಯ ಒದಗಿಸುವುದು ಸಂಘದ ಕೆಲಸ. ಎರಡೂ ಕೂಡಿದರೆ ಪ್ರತಿ ಕೊಟ್ಟಿಗೆಯಲ್ಲೂ ಒಳ್ಳೇ ಕರು, ಪ್ರತಿ ಮನೆಯಲ್ಲೂ ಹಾಲು.