ಡಾ. ಕೋಟ್ನಿಸ್: ಯುದ್ಧಭೂಮಿಯಲ್ಲೇ ಉಳಿದ ವೈದ್ಯ

ಮರಾಠಿಯ ಜೊತೆಗೆ ಕನ್ನಡ, ತೆಲುಗು ಸಹ ಕೇಳಿಬರುವ ಗಡಿಭಾಗದ ಊರು ಸೊಲ್ಲಾಪುರ. ಡಾ. ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್ ಅವರು 1910ರ ಅಕ್ಟೋಬರ್ 10ರಂದು ಇಲ್ಲಿ ಜನಿಸಿದರು. ಮುಂಬಯಿಯಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿದರು.

1937ರಲ್ಲಿ ಜಪಾನ್ ಚೀನಾದ ಮೇಲೆ ದಂಡೆತ್ತಿ ಬಂದಾಗ, ವೈದ್ಯರನ್ನು ಕಳುಹಿಸಿಕೊಡುವಂತೆ ಚೀನೀ ಸೇನಾನಿ ಝು ದೆ ಅವರು ಜವಾಹರಲಾಲ್ ನೆಹರೂ ಅವರನ್ನು ವಿನಂತಿಸಿದರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್ ಚಂದ್ರ ಬೋಸ್ ಜನರಿಂದ ನಿಧಿ ಸಂಗ್ರಹಿಸಿದರು. 1938ರ ಸೆಪ್ಟೆಂಬರಿನಲ್ಲಿ ಅಟಲ್, ಚೋಳ್ಕರ್, ಬಸು, ಮುಖರ್ಜಿ ಹಾಗೂ ಕೋಟ್ನಿಸ್ ಎಂಬ ಐವರು ವೈದ್ಯರು ಮುಂಬಯಿಯಿಂದ ಹಡಗು ಹತ್ತಿದರು. ಕೋಟ್ನಿಸ್ ಅವರಿಗೆ ಆಗಿನ್ನೂ 28 ತುಂಬಿರಲಿಲ್ಲ.

ಚೀನಾ ಸೇರಿ ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡ ಸುದ್ದಿ ಬಂತು. ಮನೆಗೆ ಮರಳುವಂತೆ ಜೊತೆಗಾರರು ಹೇಳಿದರೂ ಅವರು ಒಪ್ಪಲಿಲ್ಲ. ಹೊರಡಲು ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. 1939ರ ಫೆಬ್ರವರಿಯಲ್ಲಿ ತಂಡ ಯಾನಾನ್ ತಲುಪಿತು. ಮುಂದೆ ಕೋಟ್ನಿಸ್ ಎಂಟನೇ ಮಾರ್ಗ ಸೇನೆಯನ್ನು ಸೇರಿ ಉತ್ತರ ಚೀನಾದ ಯುದ್ಧರಂಗಕ್ಕೆ ತೆರಳಿದರು.

ಅಲ್ಲಿ ಔಷಧಿಗೆ ಕೊರತೆ, ಆಸ್ಪತ್ರೆಯೆಂದರೆ ಹಳ್ಳಿಯ ಮನೆಗಳೇ. ಶತ್ರು ಸಮೀಪಿಸಿದರೆ ಗಾಯಾಳುಗಳನ್ನು ಹೊತ್ತು ಬೆಟ್ಟ ಹತ್ತಬೇಕು. 1940ರ ಒಂದು ಕದನದ ವೇಳೆ ಅವರು 72 ಗಂಟೆಗಳ ಕಾಲ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರೆಂದು ಹೇಳುತ್ತಾರೆ. ಕೆನಡಾದ ವೈದ್ಯ ನಾರ್ಮನ್ ಬೆಥೂನ್ ಇದೇ ಸೇನೆಯ ಸೇವೆಯಲ್ಲಿದ್ದು, ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗಾದ ಗಾಯ ನಂಜೇರಿ 1939ರಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟ್ನಿಸ್ ನಿರ್ದೇಶಕರಾದರು. ಚೀನೀ ಭಾಷೆ ಕಲಿತು ಅದರಲ್ಲೇ ಪಾಠ ಹೇಳಿದರು, ಶಸ್ತ್ರಚಿಕಿತ್ಸೆಯ ಪಠ್ಯ ಬರೆಯತೊಡಗಿದರು. ಅದೇ ವರ್ಷ ಶುಶ್ರೂಷಾ ಶಿಕ್ಷಕಿ ಗುವೊ ಚಿಂಗ್‌ಲಾನ್ ಅವರನ್ನು ವಿವಾಹವಾದರು. 1942ರ ಆಗಸ್ಟ್‌ನಲ್ಲಿ ಹುಟ್ಟಿದ ಮಗನಿಗೆ ಇನ್‌ಹುವಾ ಎಂದು ಹೆಸರಿಟ್ಟರು. ಇನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಆ ಹೊತ್ತಿಗೆ ಅವರ ದೇಹ ಸೋತಿತ್ತು. ಅಪಸ್ಮಾರ ಮತ್ತೆ ಮತ್ತೆ ಕಾಡುತ್ತಿತ್ತು. ಚಿಕಿತ್ಸೆಗೆ ಹೊರಗೆ ಹೋಗುವ ಸಲಹೆಯನ್ನೂ ಅವರು ಸ್ವೀಕರಿಸಲಿಲ್ಲ. 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿನಲ್ಲಿ ನಿಧನರಾದರು. ಮಗುವಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಉಳಿದ ನಾಲ್ವರೂ ಸ್ವದೇಶಕ್ಕೆ ಮರಳಿದರು. 1946ರಲ್ಲಿ ವಿ. ಶಾಂತಾರಾಮ್ ಅವರ ಚಲನಚಿತ್ರದಿಂದ ಕೋಟ್ನಿಸ್ ಹೆಸರು ಭಾರತದ ಮನೆಮನೆಗೆ ತಲುಪಿತು. ಅವರ ಸಮಾಧಿ ಈಗ ಶಿಜಿಯಾಝ್ವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿದೆ. ತಂದೆಯಂತೆ ವೈದ್ಯನಾಗಲು ಓದುತ್ತಿದ್ದ ಇನ್‌ಹುವಾ 1967ರಲ್ಲಿ ತೀರಿಕೊಂಡನು. ಮಗನನ್ನೂ ಕಳೆದುಕೊಂಡ ಗುವೊ ಅವರು ಭಾರತಕ್ಕೆ ಹಲವು ಬಾರಿ ಬಂದು ಪತಿಯ ಮನೆಯವರೊಡನೆ ನಂಟು ಉಳಿಸಿಕೊಂಡಿದ್ದರು. ಅವರು 2012ರಲ್ಲಿ ನಿಧನರಾದರು.