ಯಂತ್ರದ ಆಸರೆಯಲ್ಲಿ ಲೋಕನಾಯಕ

ಲೋಕನಾಯಕ ಜಯಪ್ರಕಾಶ ನಾರಾಯಣರನ್ನು ನಾಡು ನೆನೆಯುವುದು ಸಂಪೂರ್ಣ ಕ್ರಾಂತಿಯ ಕರೆಗಾಗಿ. ಆದರೆ ಬದುಕಿನ ಕೊನೆಯ ನಾಲ್ಕು ವರ್ಷ ಅವರು ಡಯಾಲಿಸಿಸ್ ಯಂತ್ರದ ಆಸರೆಯಲ್ಲಿ ಜೀವ ಹಿಡಿದಿದ್ದರು ಎಂಬುದು ಇಂದಿನ ಪೀಳಿಗೆಗೆ ಅಷ್ಟಾಗಿ ತಿಳಿಯದು.

1902ರ ಅಕ್ಟೋಬರ್ 11ರಂದು ಸಿತಾಬ್‌ದಿಯಾರಾದಲ್ಲಿ ಜನಿಸಿದ ಜೆಪಿ, ಅಮೆರಿಕದಲ್ಲಿ ವ್ಯಾಸಂಗ ಮುಗಿಸಿ ಬಂದು ಸ್ವಾತಂತ್ರ್ಯ ಸಂಗ್ರಾಮಕ್ಕೆ ಧುಮುಕಿದರು. 1942ರಲ್ಲಿ ಹಜಾರಿಬಾಗ್ ಸೆರೆಮನೆಯ ಗೋಡೆ ಹಾರಿ ತಪ್ಪಿಸಿಕೊಂಡರು. ಸ್ವಾತಂತ್ರ್ಯಾನಂತರ ಅಧಿಕಾರದಿಂದ ದೂರ ಸರಿದು ಭೂದಾನ ಚಳವಳಿಗೆ ತಮ್ಮನ್ನು ಅರ್ಪಿಸಿಕೊಂಡರು. 1974ರಲ್ಲಿ ಬಿಹಾರದ ವಿದ್ಯಾರ್ಥಿ ಆಂದೋಲನದ ನೇತೃತ್ವ ವಹಿಸಿದರು.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದೊಡನೆ ಅವರ ಬಂಧನವಾಯಿತು. ಚಂಡೀಗಢದಲ್ಲಿ ಬಂಧನದಲ್ಲಿದ್ದಾಗ ಆರೋಗ್ಯ ತೀವ್ರವಾಗಿ ಹದಗೆಟ್ಟಿತು. ನವೆಂಬರ್‌ನಲ್ಲಿ ಬಿಡುಗಡೆಯಾಗಿ ಮುಂಬೈಯ ಜಸ್ಲೋಕ್ ಆಸ್ಪತ್ರೆ ಸೇರುವಾಗ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಚಿಕಿತ್ಸೆಗೆಂದು ಪ್ರಧಾನಿ ಇಂದಿರಾ ಗಾಂಧಿ ಕಳುಹಿಸಿದ ಹಣವನ್ನು ಅವರು ಹಿಂದಿರುಗಿಸಿದರು. ಅಂಥ ಸ್ಥಿತಿಯಲ್ಲೂ 1977ರ ಚುನಾವಣೆಯಲ್ಲಿ ವಿರೋಧ ಪಕ್ಷಗಳನ್ನು ಒಗ್ಗೂಡಿಸಿದರು. 1979ರ ಮಾರ್ಚ್‌ನಲ್ಲಿ ಅವರು ಬದುಕಿರುವಾಗಲೇ ಸಂಸತ್ತು ಸಂತಾಪ ಸೂಚಿಸಿದ ಪ್ರಮಾದವೂ ನಡೆಯಿತು. ಅದೇ ವರ್ಷ ಅಕ್ಟೋಬರ್ 8ರಂದು ಪಟ್ನಾದಲ್ಲಿ ನಿಧನರಾದರು.

ಅಂದು ಮಹಾನಗರದ ದೊಡ್ಡ ಆಸ್ಪತ್ರೆಗೇ ಮೀಸಲಾಗಿದ್ದ ಈ ಚಿಕಿತ್ಸೆ ಇಂದು ರಾಜ್ಯದ ತಾಲ್ಲೂಕು ಆಸ್ಪತ್ರೆಗಳವರೆಗೂ ಬಂದಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಭಾಗದ ರೋಗಿಗಳು ಪ್ರತಿ ಬಾರಿಯೂ ಬೆಂಗಳೂರಿನ ಹಾದಿ ಹಿಡಿಯಬೇಕಾದ ಅನಿವಾರ್ಯ ತಗ್ಗಿದೆ. ಆದರೆ ಜೆಪಿ ಕಾಲದ ಒಂದು ಅಪಾಯ ಇನ್ನೂ ನೀಗಿಲ್ಲ. ರಕ್ತವನ್ನು ಯಂತ್ರಕ್ಕೆ ಹರಿಸಿ ಶುದ್ಧಗೊಳಿಸಿ ಮರಳಿಸುವ ದಾರಿಯಲ್ಲೇ ರೋಗಾಣುಗಳೂ ದೇಹದೊಳಕ್ಕೆ ನುಸುಳಬಲ್ಲವು. ರಕ್ತಕ್ಕೆ ಸೋಂಕು ಹರಡಿದರೆ ಹೃದಯದ ಕವಾಟ, ಮೂಳೆಗಳಿಗೂ ಹಾನಿಯಾಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಕುತ್ತಿಗೆಯ ಬಳಿ ಅಳವಡಿಸುವ ಕ್ಯಾತಿಟರ್ ನಳಿಕೆಯಿಂದ ಈ ಅಪಾಯ ಹೆಚ್ಚು. ತೋಳಿನ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವ ಫಿಸ್ಟುಲಾದಿಂದ ಕಡಿಮೆ. ಆದರೆ ಫಿಸ್ಟುಲಾ ಬಲಿಯಲು ವಾರಗಳೇ ಬೇಕಾಗುವುದರಿಂದ ಶಸ್ತ್ರಚಿಕಿತ್ಸೆಯನ್ನು ಮುಂಚಿತವಾಗಿಯೇ ಮಾಡಿಸಿಕೊಳ್ಳುವುದು ಲೇಸು. ಸೂಜಿ ಚುಚ್ಚುವ ಮುನ್ನ ತೋಳನ್ನು ಸೋಪಿನಿಂದ ತೊಳೆಯುವುದು, ನಳಿಕೆಯ ಜಾಗಕ್ಕೆ ನೀರು ತಾಗದಂತೆ ನೋಡಿಕೊಳ್ಳುವುದು, ಸಿಬ್ಬಂದಿ ಕೈ ಶುಚಿಗೊಳಿಸಿ ಹೊಸ ಕೈಗವಸು ತೊಡುವುದು ಸಣ್ಣ ಸಂಗತಿಗಳೆನಿಸಿದರೂ ಜೀವ ಕಾಯುವಂಥವು. ಚಳಿ, ನಡುಕ, ಜ್ವರ ಕಂಡರೆ ಮುಂದಿನ ಸರದಿಯವರೆಗೆ ಕಾಯದೆ ಅಂದೇ ವೈದ್ಯರ ಬಳಿಗೆ ಹೋಗಬೇಕು.

ಯಂತ್ರ ನೀಡಿದ ನಾಲ್ಕು ವರ್ಷಗಳಲ್ಲಿ ಜೆಪಿ ದೇಶದ ರಾಜಕಾರಣದ ದಿಕ್ಕನ್ನೇ ಬದಲಿಸಿದರು. ಡಯಾಲಿಸಿಸ್‌ನಿಂದ ದೊರೆತ ಆಯುಸ್ಸು ಅಷ್ಟು ಅಮೂಲ್ಯ. ಅದು ತಡೆಯಬಹುದಾದ ಸೋಂಕಿಗೆ ಬಲಿಯಾಗಬಾರದು.