ಆರ್ಥರ್ ಗ್ರಿಫಿತ್: ಬಿಡುಗಡೆಯ ದಾರಿಗಾಗಿ ನಡೆದ ಕಲಹ

ಪರಾಧೀನವಾದ ದೇಶವೊಂದು ಸ್ವತಂತ್ರವಾಗಬೇಕೆಂಬ ವಿಷಯದಲ್ಲಿ ಅದರ ಮಕ್ಕಳೆಲ್ಲರೂ ಏಕಾಭಿಪ್ರಾಯಕ್ಕೆ ಬರುವುದು ಅಷ್ಟೇನೂ ಕಠಿಣವಲ್ಲ. ಯಾವ ದಾರಿಯಿಂದ, ಎಷ್ಟು ಹೆಜ್ಜೆಗಳಲ್ಲಿ, ಯಾವ ಬೆಲೆಯನ್ನು ತೆತ್ತು ಸ್ವತಂತ್ರವಾಗಬೇಕು ಎಂಬ ಪ್ರಶ್ನೆಯು ಎದ್ದಾಗಲೇ ಅಣ್ಣತಮ್ಮಂದಿರು ಬೇರೆಯಾಗುವರು. ಐರ್ಲಂಡಿನ ಆರ್ಥರ್ ಗ್ರಿಫಿತನ ಜೀವನಚರಿತ್ರೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ. ಡಿ ವೆಲೆರಾ, ಕಾಲಿನ್ಸ್ ಇವರ ಹೆಸರುಗಳನ್ನು ಬಲ್ಲ ನಮ್ಮ ವಾಚಕರಲ್ಲಿ ಅನೇಕರು ಗ್ರಿಫಿತನ ಹೆಸರನ್ನು ಅಷ್ಟಾಗಿ ಕೇಳಿರಲಾರರು. ಆದರೆ ಅಚ್ಚಿನ ಮೊಳೆಗಳ ನಡುವೆ ಬೆಳೆದು, ಲೇಖನಿಯಿಂದಲೇ ಒಂದು ರಾಷ್ಟ್ರವನ್ನು ಎಚ್ಚರಿಸಿದ ಈ ಪುರುಷನನ್ನು ಪತ್ರಿಕಾವೃತ್ತಿಯವರಾದ ನಾವು ಮರೆಯುವುದು ಯುಕ್ತವಲ್ಲ.

ಗ್ರಿಫಿತನು 1871ನೆಯ ಇಸವಿ ಮಾರ್ಚ್ 31ರಂದು ಡಬ್ಲಿನ್ ನಗರದಲ್ಲಿ ಜನಿಸಿದನು. ತಂದೆಯು ಮುದ್ರಣದ ಕೆಲಸಗಾರ. ಮಗನೂ ಅದೇ ಕಸಬನ್ನು ಹಿಡಿದು ಮೊಳೆ ಜೋಡಿಸುವುದನ್ನು ಕಲಿತನು. ಬಡತನವು ಅವನನ್ನು ಕಡೆಯವರೆಗೂ ಬಿಡಲಿಲ್ಲ. ಕೆಲವು ಕಾಲ ದಕ್ಷಿಣ ಆಫ್ರಿಕದಲ್ಲಿದ್ದು ಸ್ವದೇಶಕ್ಕೆ ಮರಳಿ, 1899ರಲ್ಲಿ ‘ಯುನೈಟೆಡ್ ಐರಿಷ್‌ಮನ್’ ಎಂಬ ವಾರಪತ್ರಿಕೆಯ ಸಂಪಾದಕನಾದನು. ಆಗ ಐರ್ಲಂಡಿಗೆ ಸ್ವಂತ ಪಾರ್ಲಿಮೆಂಟು ಇರಲಿಲ್ಲ. 1801ರ ಜನವರಿ 1ರಿಂದ ಜಾರಿಗೆ ಬಂದ ಐಕ್ಯ ಶಾಸನವು ಡಬ್ಲಿನ್ನಿನ ಸಭೆಯನ್ನು ಮುಚ್ಚಿ, ಐರಿಷ್ ಪ್ರತಿನಿಧಿಗಳನ್ನು ಲಂಡನ್ನಿಗೆ ಎಳೆದೊಯ್ದಿತ್ತು.

ಈ ಐಕ್ಯದಿಂದ ಹೊರಬರುವ ಬಗೆ ಹೇಗೆ? ಲಂಡನ್ನಿನ ಸಭೆಯಲ್ಲಿಯೇ ಕುಳಿತು, ವಾದಮಾಡಿ, ಗೃಹಾಡಳಿತವನ್ನು ಸಂಪಾದಿಸಬೇಕೆಂಬುದು ರೆಡ್ಮಂಡನ ಪಕ್ಷ. ಶಸ್ತ್ರಬಲದಿಂದ ಗಣರಾಜ್ಯವನ್ನು ಸ್ಥಾಪಿಸಬೇಕೆಂಬುದು ಗುಪ್ತ ಸಂಘಗಳವರ ಪಕ್ಷ. ಗ್ರಿಫಿತನು ಮೂರನೆಯ ದಾರಿಯನ್ನು ತೋರಿದನು. ಹಂಗೇರಿಯ ಜನರು ವಿಯೆನ್ನಾದ ಸಾಮ್ರಾಜ್ಯ ಸಭೆಗೆ ಹೋಗಲೊಲ್ಲೆವೆಂದು ಹಟಹಿಡಿದು, 1867ರಲ್ಲಿ ತಮ್ಮ ಪ್ರತ್ಯೇಕ ರಾಜ್ಯಾಂಗವನ್ನು ಮರಳಿ ಪಡೆದ ವೃತ್ತಾಂತವನ್ನು ಅವನು 1904ರಲ್ಲಿ ತನ್ನ ಪತ್ರಿಕೆಯಲ್ಲಿ ಬರೆದು ಪುಸ್ತಕವಾಗಿ ಪ್ರಕಟಿಸಿದನು. ಐರಿಷ್ ಪ್ರತಿನಿಧಿಗಳು ಲಂಡನ್ನನ್ನು ತ್ಯಜಿಸಿ ಡಬ್ಲಿನ್ನಿನಲ್ಲಿಯೇ ಸಭೆ ಸೇರಲಿ. ಅರಸನು ಎರಡು ದೇಶಗಳಿಗೂ ಒಬ್ಬನೇ ಇದ್ದರೂ ಇರಲಿ, ಆಡಳಿತವು ಮಾತ್ರ ನಮ್ಮದಾಗಲಿ ಎಂಬುದು ಅವನ ವಾದದ ತಿರುಳು. 1905ರಲ್ಲಿ ಹುಟ್ಟಿದ ಸಿನ್ ಫೇನ್ ಚಳವಳಿಗೆ ಇದೇ ತಳಹದಿ. ಸ್ವದೇಶದ ಕೈಗಾರಿಕೆಗಳ ರಕ್ಷಣೆಯೂ ಅದರ ಮುಖ್ಯ ಅಂಗವಾಗಿತ್ತು. ಅದೇ ವರ್ಷದಲ್ಲಿ ವಂಗಭಂಗದಿಂದ ಕೆರಳಿದ ನಮ್ಮ ದೇಶವು ಸ್ವದೇಶೀ ವ್ರತವನ್ನು ಹಿಡಿದುದನ್ನು ವಾಚಕರು ಸ್ಮರಿಸಬಹುದು.

ಅವನು ದೋಷರಹಿತನಾಗಿದ್ದನೆಂದು ನಾವು ಹೇಳುವುದಿಲ್ಲ. 1904ರಲ್ಲಿ ಲಿಮರಿಕ್ ಪಟ್ಟಣದ ಯೆಹೂದ್ಯರಿಗೆ ಬಹಿಷ್ಕಾರ ಹಾಕಿದಾಗ ಅವನ ಪತ್ರಿಕೆಯು ಆ ಅನ್ಯಾಯವನ್ನು ಸಮರ್ಥಿಸಿತು. ಸ್ವಜನರ ಸ್ವಾತಂತ್ರ್ಯವನ್ನು ಬೇಡುವವನ ಬಾಯಲ್ಲಿ ಇದು ಶೋಭಿಸುವ ಮಾತಲ್ಲ.

1916ರ ಈಸ್ಟರ್ ದಂಗೆಯಲ್ಲಿ ಗ್ರಿಫಿತನು ಹೋರಾಡಲಿಲ್ಲ. ಆದರೂ ಸರಕಾರವು ಅದನ್ನು ಸಿನ್ ಫೇನ್ ದಂಗೆಯೆಂದೇ ಕರೆದು ಅವನನ್ನು ಸೆರೆಮನೆಗೆ ತಳ್ಳಿತು. ದಂಗೆಯ ನಾಯಕರು ಗುಂಡಿಗೆ ಬಲಿಯಾದ ಮೇಲೆ ಜನರ ಮನಸ್ಸು ಗಣರಾಜ್ಯದ ಕಡೆಗೆ ತಿರುಗಿತು. 1917ರ ಅಕ್ಟೋಬರಿನಲ್ಲಿ ಗ್ರಿಫಿತನು ತಾನು ಕಟ್ಟಿದ ಸಂಸ್ಥೆಯ ಅಧ್ಯಕ್ಷಸ್ಥಾನವನ್ನು ತನಗಿಂತ ಕಿರಿಯನಾದ ಡಿ ವೆಲೆರಾನಿಗೆ ತಾನಾಗಿಯೇ ಬಿಟ್ಟುಕೊಟ್ಟನು. ಪೀಠದ ಮೋಹವನ್ನು ಹೀಗೆ ಗೆಲ್ಲುವವರು ವಿರಳ. 1918ರ ಡಿಸೆಂಬರ್ ಚುನಾವಣೆಯಲ್ಲಿ ಐರ್ಲಂಡಿನ 105 ಸ್ಥಾನಗಳ ಪೈಕಿ 73 ಸಿನ್ ಫೇನಿಗೆ ದೊರೆತವು. ಗೆದ್ದವರು ಲಂಡನ್ನಿಗೆ ಹೋಗದೆ, 1919ರ ಜನವರಿ 21ರಂದು ಡಬ್ಲಿನ್ನಿನಲ್ಲಿ ತಮ್ಮದೇ ಸಭೆಯಾದ ‘ಡಾಯ್ಲ್’ ಅನ್ನು ಕೂಡಿಸಿದರು. ಸಂಪಾದಕನ ಕನಸು ಕಾರ್ಯರೂಪಕ್ಕೆ ಬಂದಿತ್ತು. ಆದರೆ ಆಗ ಅವನು ಸೆರೆಯಲ್ಲಿದ್ದನು. ಅನಂತರ ಡಿ ವೆಲೆರಾ ಅಮೇರಿಕದಲ್ಲಿದ್ದಾಗ, 1920ರ ನವೆಂಬರಿನಲ್ಲಿ ಮತ್ತೆ ಬಂಧಿತನಾಗುವವರೆಗೆ, ಗ್ರಿಫಿತನೇ ಆಡಳಿತದ ಭಾರವನ್ನು ಹೊತ್ತನು.

1921ರ ಜುಲೈ 11ರಂದು ಯುದ್ಧವಿರಾಮವಾಯಿತು. ಅಕ್ಟೋಬರಿನಲ್ಲಿ ಲಂಡನ್ನಿಗೆ ಹೋದ ನಿಯೋಗಕ್ಕೆ ಗ್ರಿಫಿತನೇ ಮುಖ್ಯಸ್ಥ. ಕಾಲಿನ್ಸನು ಅವನ ಬಲಗೈ. ಡಿ ವೆಲೆರಾ ಡಬ್ಲಿನ್ನಿನಲ್ಲಿಯೇ ಉಳಿದನು. ಎದುರಿಗೆ ಲಾಯ್ಡ್ ಜಾರ್ಜ್, ಚರ್ಚಿಲ್ ಮೊದಲಾದ ನುರಿತ ರಾಜಕಾರಣಿಗಳು ಕುಳಿತಿದ್ದರು. ಡಿಸೆಂಬರ್ 5ರಂದು ಲಾಯ್ಡ್ ಜಾರ್ಜನು ಸಹಿ ಇಲ್ಲವಾದರೆ ಯುದ್ಧವೆಂದು ಬೆದರಿಸಿದನು. ಉಳಿದವರು ಏನು ಮಾಡಿದರೂ ತಾನು ಸಹಿ ಮಾಡುವೆನೆಂದು ಗ್ರಿಫಿತನು ಆಗಲೇ ತಿಳಿಸಿದ್ದನು. 6ರ ಬೆಳಗಿನ ಜಾವದಲ್ಲಿ ಒಡಂಬಡಿಕೆಗೆ ಸಹಿಗಳು ಬಿದ್ದವು. ಕೆನಡಾದಂತಹ ಅಧಿಕಾರವುಳ್ಳ ಸ್ವತಂತ್ರ ಸಂಸ್ಥಾನವು ದೊರೆಯಿತು. ಆದರೆ ಸಭಾಸದರು ಆಂಗ್ಲ ಅರಸನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಾಯಿತು. ಉತ್ತರದ ಆರು ಜಿಲ್ಲೆಗಳಿಗೆ ಹೊರಗುಳಿಯುವ ಹಕ್ಕು ಸಿಕ್ಕಿತು. ಕೆಲವು ಬಂದರುಗಳು ಆಂಗ್ಲರ ಕೈಯಲ್ಲಿಯೇ ಉಳಿದವು.

ಡಾಯ್ಲಿನಲ್ಲಿ ವಾರಗಟ್ಟಲೆ ವಾದ ನಡೆಯಿತು. ಗಣರಾಜ್ಯಕ್ಕೆ ಪ್ರಮಾಣ ಮಾಡಿದ ನಾಲಗೆಯು ಅರಸನಿಗೆ ಪ್ರಮಾಣ ಮಾಡಲಾರದೆಂದು ಒಂದು ಪಕ್ಷವು ಹೇಳಿತು. ಹೊರಗಿನಿಂದ ಸಾಮ್ರಾಜ್ಯದೊಡನೆ ಸಂಬಂಧವಿಟ್ಟುಕೊಳ್ಳುವ ಬೇರೊಂದು ಯೋಜನೆಯನ್ನು ಡಿ ವೆಲೆರಾ ಮುಂದಿಟ್ಟನು. ಆಂಗ್ಲ ಸೈನ್ಯವು ನಮ್ಮ ನೆಲವನ್ನು ಬಿಟ್ಟು ಹೋಗುವುದೇ ದೊಡ್ಡ ಲಾಭ, ಜನರು ಶಾಂತಿಯನ್ನು ಬಯಸುತ್ತಿರುವರು ಎಂದು ಗ್ರಿಫಿತನು ವಾದಿಸಿದನು. 1922ರ ಜನವರಿ 7ರಂದು 64ಕ್ಕೆ ವಿರೋಧವಾಗಿ 57 ಮತಗಳು ಬಿದ್ದು ಒಡಂಬಡಿಕೆಯು ಅಂಗೀಕೃತವಾಯಿತು. ಡಿ ವೆಲೆರಾ ಸ್ಥಾನವನ್ನು ಬಿಟ್ಟನು, ಗ್ರಿಫಿತನು ಅಧ್ಯಕ್ಷನಾದನು. ಜೂನ್ ತಿಂಗಳ ಚುನಾವಣೆಯಲ್ಲಿಯೂ ಜನರು ಒಡಂಬಡಿಕೆಯವರ ಕಡೆಗೇ ಹೆಚ್ಚು ಒಲಿದರು. ಆದರೂ ಜೂನ್ 28ರಂದು ಡಬ್ಲಿನ್ನಿನಲ್ಲಿ ಐರಿಷರ ಫಿರಂಗಿಗಳು ಐರಿಷರ ಮೇಲೆಯೇ ಸಿಡಿದವು. ಆಗಸ್ಟ್ 12ರಂದು ಗ್ರಿಫಿತನು ಮಿದುಳಿನ ರಕ್ತಸ್ರಾವದಿಂದ ಮಡಿದನು, ವಯಸ್ಸು 51. ಹತ್ತು ದಿನಗಳ ತರುವಾಯ ಕಾಲಿನ್ಸನು ಸ್ವದೇಶೀಯರ ಗುಂಡಿಗೆ ಬಿದ್ದನು.

ಇವರಲ್ಲಿ ಸರಿ ಯಾರು? ಇತಿಹಾಸವು ಇಬ್ಬರಿಗೂ ಪಾಲು ಕೊಟ್ಟಿದೆಯೆಂದು ನಮ್ಮ ಅಭಿಪ್ರಾಯ. ಗ್ರಿಫಿತನು ಪಡೆದುದು ಏಣಿಯೇ ಹೊರತು ಅಟ್ಟವಲ್ಲ. ಆದರೆ ಅದೇ ಏಣಿಯನ್ನೇರಿ ಡಿ ವೆಲೆರಾ 1933ರಲ್ಲಿ ಪ್ರಮಾಣವಚನವನ್ನು ತೊಡೆದುಹಾಕಿದನು, 1938ರಲ್ಲಿ ಬಂದರುಗಳನ್ನು ಬಿಡಿಸಿಕೊಂಡನು. 1949ರ ಏಪ್ರಿಲ್ 18ರಂದು ಐರ್ಲಂಡು ಗಣರಾಜ್ಯವಾಗಿ ಕಾಮನ್‌ವೆಲ್ತಿನಿಂದ ಹೊರಬಿದ್ದಿತು. ಅದೇ ತಿಂಗಳ ಕೊನೆಯಲ್ಲಿ ಲಂಡನ್ ಘೋಷಣೆಯ ಮೂಲಕ ಭಾರತವು ಅರಸನಿಗೆ ನಿಷ್ಠೆಯ ಹಂಗಿಲ್ಲದೆ, ಗಣರಾಜ್ಯವಾಗಿಯೇ ಆ ಕೂಟದಲ್ಲಿ ಉಳಿಯಲು ನಿರ್ಧರಿಸಿತು. 1921ರಲ್ಲಿ ಡಿ ವೆಲೆರಾ ಹೇಳಿದುದು ಬರಿಯ ಕನಸಾಗಿರಲಿಲ್ಲವೆಂದು ಇದರಿಂದ ವಿದಿತವಾಗುತ್ತದೆ. ಆದರೆ ಉತ್ತರದ ಆರು ಜಿಲ್ಲೆಗಳು ಇಂದಿಗೂ ಹೊರಗೇ ಉಳಿದಿವೆ. ಆ ಗಾಯವನ್ನು ಯಾವ ಪಕ್ಷದ ಮದ್ದೂ ಮಾಯಿಸಲಿಲ್ಲ.

ಡಬ್ಲಿನ್ನಿಗೆ ಕೊನೆಯ ಕರಡನ್ನು ಒಪ್ಪಿಸದೆಯೇ ಸಹಿ ಮಾಡಿದುದು ನಿಯೋಗದ ತಪ್ಪು. ಸಂಧಾನದ ಮೇಜಿಗೆ ತಾನು ಹೋಗದೆ ಇತರರನ್ನು ಕಳುಹಿಸಿದುದು ಡಿ ವೆಲೆರಾನ ತಪ್ಪು. ಈ ಎರಡೂ ಕ್ಷಮಾರ್ಹವಾದವುಗಳೇ. ಮತದಿಂದ ತೀರ್ಮಾನವಾದ ವಿಷಯವನ್ನು ಬಂದೂಕಿನ ಮುಂದಿಟ್ಟುದು ಮಾತ್ರ ಕ್ಷಮಾರ್ಹವಲ್ಲ. ಭಾರತವು 1949ರ ತನ್ನ ನಿರ್ಧಾರವನ್ನು ಮೇ ತಿಂಗಳಲ್ಲಿ ಸಂವಿಧಾನ ಸಭೆಯ ಮುಂದಿಟ್ಟಿತು. ಅಲ್ಲಿ ತೀವ್ರವಾದ ಆಕ್ಷೇಪಣೆಗಳೂ ಬಂದವು, ಚರ್ಚೆ ನಡೆಯಿತು, ಮತವಾಯಿತು, ಸೋತವರು ತಮ್ಮ ಮಾತನ್ನು ಬಿಡದೆಯೇ ಮನೆಗೆ ಮರಳಿದರು. ಬಿಡುಗಡೆಯ ದಾರಿಯ ಬಗೆಗೆ ಭೇದವಿರುವುದು ಜೀವಂತ ರಾಷ್ಟ್ರದ ಲಕ್ಷಣ. ಭಿನ್ನಮತದವನನ್ನು ದ್ರೋಹಿಯೆಂದು ಕರೆಯುವ ಮೊದಲು, 23 ವರ್ಷ ಲೇಖನಿ ಹಿಡಿದು ದುಡಿದು, ಕಡೆಗೆ ತನ್ನವರಿಂದಲೇ ದ್ರೋಹಿಯೆನಿಸಿಕೊಂಡು ಸತ್ತ ಆ ಬಡ ಸಂಪಾದಕನನ್ನು ನಮ್ಮ ಜನರು ಒಮ್ಮೆ ನೆನೆಯಲಿ.